ಅಗೆಯದೆ ಬಿಟ್ಟ ಬದು

ಹುಲಿಗೆವ್ವ ಎಂಬ ಹುಡುಗಿಯನ್ನು ಶಾಲೆಯಿಂದ ಹೊರಗೆ ಹಾಕಿದರು. ಅವಳ ತಂದೆ ಕಲ್ಲುಗಣಿಯ ಕೂಲಿಯವರನ್ನು ಕೂಡಿಸಿ ಕೆಲಸ ನಿಲ್ಲಿಸಿದ್ದ. ಗಣಿಯ ಧಣಿ ಶಾಲೆಯ ಆಡಳಿತ ಮಂಡಳಿಯಲ್ಲಿದ್ದ. ಕಾರಣ ಇಷ್ಟೇ. ಆದರೆ ದಾಖಲಾತಿ ಪುಸ್ತಕದಲ್ಲಿ 'ತಾನಾಗಿ ಶಾಲೆ ಬಿಟ್ಟಿದ್ದಾಳೆ' ಎಂದು ಬರೆದಿತ್ತು. ಪುಸ್ತಕ ತಾನಾಗಿ ಬರೆದುಕೊಳ್ಳುವುದಿಲ್ಲ. ಬರೆದವನು ಶಾಲೆಯ ಗುಮಾಸ್ತ ಫಕೀರಪ್ಪ.

ಹತ್ತನೆಯ ತರಗತಿಯ ಪರೀಕ್ಷೆಗೆ ಹೆಸರು ಕಳಿಸಲು ಶನಿವಾರ ಕೊನೆಯ ದಿನ. ಬುಧವಾರ ಸಂಜೆ ಫಕೀರಪ್ಪ ಗುರುಗಳ ಬಳಿಗೆ ಬಂದ. ಗುರುಗಳಿಗೆ ಮಠವಿರಲಿಲ್ಲ, ಕಾವಿಯೂ ಇರಲಿಲ್ಲ. ಸೈಕಲ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವರು ಕೂಲಿಯವರಿಗೆ ಅಕ್ಷರ ಕಲಿಸುತ್ತಿದ್ದರು. ಫಕೀರಪ್ಪ ಅಲ್ಲಿಯೇ ಓದು ಕಲಿತವನು. ಅವನ ಕೇರಿಯಿಂದ ಪೆನ್ನು ಹಿಡಿಯುವ ಕೆಲಸಕ್ಕೆ ಹೋದವರಲ್ಲಿ ಅವನೇ ಮೊದಲಿಗ.

ನಡೆದದ್ದನ್ನೆಲ್ಲ ಹೇಳಿ ಮುಗಿಸಿ ಫಕೀರಪ್ಪ ಕೇಳಿದ: "ಗುರುಗಳೇ, ಬರೆದದ್ದು ತಪ್ಪು ಅಂತ ನಾನೇ ಬಾಯಿಬಿಟ್ಟು ಹೇಳಿದರೆ, ಆಮೇಲೆ ನಾನು ಬರೆದದ್ದನ್ನು ಯಾರು ನಂಬುತ್ತಾರೆ?"

ಗುರುಗಳು ಬೈಯಲಿಲ್ಲ. ಕುಳಿತುಕೋ ಎಂದರು. ಅವನು ಚಾಪೆಯ ತುದಿಯಲ್ಲಿ ಕುಳಿತ ಮೇಲೆ ಒಂದು ಕತೆ ಹೇಳಿದರು.

ಒಂದು ಊರಿನ ಹೊರಗೆ ಒಂದು ದಿಬ್ಬವಿತ್ತು. ಅದು ಮಣ್ಣಿನ ದಿಬ್ಬವಲ್ಲ, ಬೂದಿಯ ದಿಬ್ಬ. ಯಾವುದೋ ಕಾಲದಲ್ಲಿ ಜನ ಅಲ್ಲಿ ದನ ಕೂಡಿಹಾಕಿದ್ದರು, ಸಗಣಿಯನ್ನು ಒಟ್ಟಿದ್ದರು, ಸುಟ್ಟಿದ್ದರು. ಮತ್ತೆ ಒಟ್ಟಿದ್ದರು, ಮತ್ತೆ ಸುಟ್ಟಿದ್ದರು. ಹಾಗೆ ತಲೆತಲಾಂತರ ಸುಟ್ಟ ಬೂದಿ ಆಳೆತ್ತರ ಎದ್ದು ನಿಂತಿತ್ತು.

ದಿಬ್ಬದ ಪೂರ್ವದ ಇಳಿಜಾರಿನಲ್ಲಿ ದನಗಾಹಿಗಳ ನಲವತ್ತು ಗುಡಿಸಲುಗಳಿದ್ದವು. ಆ ವಸತಿಗೆ ದೊಡ್ಡಿ ಎಂದೇ ಹೆಸರು. ಊರಲ್ಲಿ ಒಬ್ಬ ಗೌಡನಿದ್ದ. ದಿಬ್ಬ ತನ್ನದು, ದೊಡ್ಡಿಯವರು ಎದ್ದು ಹೋಗಬೇಕು ಎಂದು ಅವನು ಹಟ ಹಿಡಿದ. ದೊಡ್ಡಿಯವರು, ಈ ಬೂದಿ ನಮ್ಮ ಹಿರಿಯರ ದನಗಳ ಸಗಣಿಯದು, ಇಲ್ಲಿಗೆ ಮೊದಲು ಬಂದವರು ನಾವು ಎಂದರು. ಗೌಡ, ಬೂದಿಗಿಂತ ಮೊದಲೇ ಅಲ್ಲಿ ನಮ್ಮ ಮನೆಯಿತ್ತು, ಇವರು ನಮ್ಮ ಮನೆಯ ಮೇಲೆ ದನ ಕಟ್ಟಿದರು ಎಂದ. ಇಬ್ಬರ ಬಳಿಯೂ ಕಾಗದವಿರಲಿಲ್ಲ. ಊರಿನ ಐವರು ಹಿರಿಯರು ಇಬ್ಬರನ್ನೂ ಕೂಡಿಸಿ ಮಾತು ತೆಗೆದುಕೊಂಡರು. ದಿಬ್ಬವನ್ನು ಅಗೆಯಲು ಸರಕಾರದವರು ಬರುವವರಿದ್ದಾರೆ, ಮಣ್ಣು ಏನು ಹೇಳುತ್ತದೋ ಅದೇ ತೀರ್ಪು ಎಂದು ಗೊತ್ತುಮಾಡಿದರು. ಇಬ್ಬರೂ ಒಪ್ಪಿದರು.

ಮಣ್ಣು ಸುಳ್ಳು ಹೇಳುವುದಿಲ್ಲ ಎಂದು ಅವರು ನಂಬಿದ್ದರು. ಅದು ನಿಜ. ಆದರೆ ಮಣ್ಣು ಬಾಯಿಬಿಟ್ಟು ಹೇಳುವುದೂ ಇಲ್ಲ. ಅದು ಹೇಳಿದ್ದನ್ನು ಒಬ್ಬ ಮನುಷ್ಯ ಬರೆಯಬೇಕು. ಅನಾಹುತ ಆಗುವುದು ಅಲ್ಲಿ.

ಸರಕಾರದವರು ಬಂದರು. ಅವರ ಮೇಲೆ ಒಬ್ಬ ಅಧಿಕಾರಿ, ಅವನ ಕೈಕೆಳಗೆ ಪದವಿ ಪಡೆದ ಮೂವರು, ಮತ್ತು ಒಬ್ಬ ಬರೆಯುವವ. ಈ ಬರೆಯುವವನು ಶಾಲೆಗೆ ಹೋದವನಲ್ಲ. ಬಸ್ಸಿನ ಬೋರ್ಡು ಓದಿ ಅಕ್ಷರ ಕಲಿತವನು. ಮೊದಲು ಮಣ್ಣು ಹೊರುತ್ತಿದ್ದ. ನಾಲ್ಕು ಕಡೆ ಅಗೆತದಲ್ಲಿ ದುಡಿದು, ಬರೆಯುವವರ ಹೆಗಲ ಹಿಂದೆ ನಿಂತು ನೋಡಿ ನೋಡಿ ಕೆಲಸ ಕಲಿತಿದ್ದ. ಅವನ ಕೈಬರಹ ಅಚ್ಚಿನಂತಿತ್ತು. ಅಧಿಕಾರಿ ಅವನಿಗೆ ಪುಸ್ತಕ ಕೊಟ್ಟಾಗ ಆ ಮೂವರು ಮುಖ ಮುಖ ನೋಡಿಕೊಂಡಿದ್ದರು. ಅವನು ಅದನ್ನು ಕಂಡಿದ್ದ, ಮರೆತಿರಲಿಲ್ಲ.

ಅವನ ಕೆಲಸ ಇಷ್ಟು. ದಿಬ್ಬದ ಮೇಲೆ ಗೂಟ ಹೊಡೆದು, ದಾರ ಕಟ್ಟಿ, ಚೌಕ ಚೌಕವಾಗಿ ಅಗೆಯುತ್ತಾರೆ. ಅಗೆಯುತ್ತ ಹೋದಂತೆ ಮಣ್ಣು ಪದರ ಪದರವಾಗಿ ಬದಲಾಗುತ್ತದೆ. ಮೇಲಿನ ಪದರ ಒಂದು, ಅದರ ಕೆಳಗಿನದು ಎರಡು, ಹಾಗೆ ಕೆಳಗೆ ಕೆಳಗೆ. ಪ್ರತಿ ಪದರದ ಬಣ್ಣವೇನು, ಗಟ್ಟಿಯೋ ಮೆತ್ತಗೋ, ಎಷ್ಟು ಆಳ, ಅದರಲ್ಲಿ ಏನು ಸಿಕ್ಕಿತು, ಎಲ್ಲವನ್ನೂ ಅವನು ಬರೆಯಬೇಕು. ಅಗೆದ ಗೋಡೆಯ ಚಿತ್ರವನ್ನು ಗ್ರಾಫ್ ಹಾಳೆಯಲ್ಲಿ ತೆಗೆಯಬೇಕು. ಅಗೆದ ಮಣ್ಣು ಮತ್ತೆ ಹಿಂದಿನಂತೆ ಕೂಡುವುದಿಲ್ಲ. ಆಮೇಲೆ ಉಳಿಯುವುದು ಅವನ ಪುಸ್ತಕ ಮಾತ್ರ.

ಒಂದು ಚೌಕಕ್ಕೂ ಇನ್ನೊಂದಕ್ಕೂ ನಡುವೆ ಒಂದು ಮೀಟರ್ ಅಗಲದ ಬದುವನ್ನು ಅಗೆಯದೆ ಬಿಡುತ್ತಿದ್ದರು. ಹೊಲದ ಬದುವಿನ ಹಾಗೆಯೇ ಅದು ನೆಟ್ಟಗೆ ನಿಂತಿರುತ್ತಿತ್ತು. ಒಳ್ಳೆಯ ಜಾಗವನ್ನು ಹೀಗೇಕೆ ಬಿಡುತ್ತೀರಿ, ಅದರೊಳಗೇ ಬಂಗಾರ ಇದ್ದರೆ ಎಂದು ಕೂಲಿಯವರು ನಗುತ್ತಿದ್ದರು. ಅಧಿಕಾರಿ ಒಮ್ಮೆ ಉತ್ತರ ಕೊಟ್ಟ. ನಾವು ಅಗೆಯುವಾಗ ತಪ್ಪು ಮಾಡುತ್ತೇವೆ, ಆ ತಪ್ಪನ್ನು ಹೋಗಿ ಕೇಳಲು ಯಾರಾದರೂ ಸಾಕ್ಷಿ ಉಳಿದಿರಬೇಕಲ್ಲ ಎಂದ. ಕೂಲಿಯವರು ತಲೆಯಾಡಿಸಿ ಕೆಲಸಕ್ಕೆ ಹೋದರು. ಬರೆಯುವವನೂ ಅದನ್ನು ಕೇಳಿಸಿಕೊಂಡ.

ಅವನ ಚೌಕದಲ್ಲಿ ಐದು ಪದರ ಬಂದವು. ಮೇಲೆ ಹುಲ್ಲುಬೇರಿನ ಮಣ್ಣು. ಅದರ ಕೆಳಗೆ ಕಂದು ಮಣ್ಣು. ಮೂರನೆಯದು ಬಿಳಿ ಬೂದಿ. ನಾಲ್ಕನೆಯದು ಸುಟ್ಟು ಇಟ್ಟಿಗೆಯಂತಾದ ಗಟ್ಟಿ ಬೂದಿ. ಐದನೆಯದು, ಎಲ್ಲಕ್ಕೂ ಅಡಿಯಲ್ಲಿ, ಎರೆಮಣ್ಣು.

ಅಲ್ಲಿ ಅಗೆಯುತ್ತಿದ್ದವಳು ಒಬ್ಬ ಮುದುಕಿ. ದೊಡ್ಡಿಯವಳೇ. ಕರಣೆ ಮಣ್ಣಿಗೆ ತಾಗಿದ ಸದ್ದಿನಿಂದಲೇ ಅವಳು ಪದರ ಬದಲಾದದ್ದನ್ನು ಹೇಳುತ್ತಿದ್ದಳು. ಗಟ್ಟಿ ಬೂದಿಯನ್ನು ಕಡಿಯುವಾಗ ಒಂದು ಮೂಲೆಯ ಹತ್ತಿರ ಅವಳ ಕರಣೆ ಸದ್ದಿಲ್ಲದೆ ಒಳಗೆ ಹೋಯಿತು. ಇಲ್ಲಿ ಮೆತ್ತಗಿದೆ ಎಂದು ಅವಳು ಹೇಳಿದಳು. ಬರೆಯುವವ ಬಗ್ಗಿ ನೋಡಿದ. ಬಣ್ಣ ಒಂದೇ ಇತ್ತು. ಇಲಿಯ ಬಿಲ ಇರಬೇಕು, ಅಗೆ ಎಂದ.

ನಿಯಮ ಅವನಿಗೆ ಗೊತ್ತಿತ್ತು. ಮಣ್ಣು ಬೇರೆ ಎನಿಸಿದರೆ ನಿಲ್ಲಬೇಕು. ಅದರ ಅಂಚು ಹುಡುಕಬೇಕು. ಯಾರೋ ಹಿಂದೆ ಮೇಲಿನಿಂದ ತೋಡಿ ಮುಚ್ಚಿದ ಗುಂಡಿ ಅದಾಗಿದ್ದರೆ ಅದನ್ನು ಬೇರೆಯಾಗಿಯೇ ಅಗೆದು, ಬೇರೆ ಸಂಖ್ಯೆ ಕೊಟ್ಟು ಬರೆಯಬೇಕು. ಏಕೆಂದರೆ ಆಳದಲ್ಲಿ ಸಿಕ್ಕಿದ್ದೆಲ್ಲ ಹಳೆಯದಲ್ಲ. ನಿನ್ನೆ ಹೂತದ್ದೂ ಆಳದಲ್ಲೇ ಸಿಗುತ್ತದೆ. ಇಷ್ಟು ಗೊತ್ತಿದ್ದೂ ಅವನು ನಿಲ್ಲಲಿಲ್ಲ. ಕೆಲಸ ನಿಧಾನವಾಯಿತೆಂದು ಅಧಿಕಾರಿ ಹಿಂದಿನ ದಿನ ಅವನನ್ನು ಆ ಮೂವರ ಎದುರಿಗೆ ಗದರಿದ್ದ. ಅವನಿಗೆ ಅವಸರವಿತ್ತು.

ಅದೇ ಮೆತ್ತನೆಯ ಜಾಗದಲ್ಲಿ, ಎರೆಮಣ್ಣಿನ ಮಟ್ಟದಲ್ಲಿ, ಒಂದು ಹಿತ್ತಾಳೆಯ ದೀಪ ಸಿಕ್ಕಿತು. ತಳದಲ್ಲಿ ಗೌಡನ ಮನೆತನದ ಗುರುತು ಕೊರೆದಿತ್ತು. ಬರೆಯುವವ ಚೀಟಿ ಬರೆದು ಚೀಲಕ್ಕೆ ಕಟ್ಟಿದ: ಐದನೆಯ ಪದರ.

ಸಂಜೆ ಗೋಡೆಯ ಚಿತ್ರ ತೆಗೆದ. ಗೋಡೆಯುದ್ದಕ್ಕೆ ಮೀಟರಿಗೆ ಒಂದರಂತೆ ಟೇಪು ಇಳಿಬಿಟ್ಟು ಪ್ರತಿ ಪದರದ ಆಳ ಅಳೆದ. ಹಾಳೆಯಲ್ಲಿ ಚುಕ್ಕೆ ಇಟ್ಟ. ಅಡ್ಡಪಟ್ಟಿ ಹಿಡಿದು ಚುಕ್ಕೆಗಳನ್ನು ಕೂಡಿಸಿದ. ಮೆತ್ತನೆಯ ಜಾಗದ ಅಗಲ ಮುಕ್ಕಾಲು ಮೀಟರ್. ಅದು ಎರಡು ಅಳತೆಗಳ ನಡುವೆ ಬಿದ್ದಿತ್ತು. ಅವನ ಗೆರೆ ಅದರ ಮೇಲೆ ಹಾಯ್ದು ಹೋಯಿತು. ಚಿತ್ರ ನೇಯ್ದ ಜಮಖಾನೆಯಂತೆ ಅಂದವಾಗಿ ಬಂತು. ಅಧಿಕಾರಿ ನೋಡಿ ಶಹಬ್ಬಾಸ್ ಎಂದು ಸಹಿ ಹಾಕಿದ. ಇದನ್ನು ನೋಡಿ ಕಲಿಯಿರಿ ಎಂದು ಆ ಮೂವರಿಗೂ ಹೇಳಿದ.

ಆ ಅಂದದ ಚಿತ್ರದ ಅಡಿಯಲ್ಲಿ ನಲವತ್ತು ಗುಡಿಸಲು ಸಿಕ್ಕಿಕೊಂಡಿದ್ದವು.

ಸುದ್ದಿ ಊರಿಗೆ ಹೋಯಿತು. ಗೌಡನ ದೀಪ ಬೂದಿಯ ಕೆಳಗೆ ಸಿಕ್ಕಿದೆ. ಹಾಗಾದರೆ ಗೌಡನ ಮನೆ ಮೊದಲು, ದನದ ದೊಡ್ಡಿ ಆಮೇಲೆ. ಗೌಡ ಬೂಂದಿ ಲಾಡು ಹಂಚಿದ. ಸೋಮವಾರ ಹಿರಿಯರು ಕೂಡಿ ಪುಸ್ತಕ ನೋಡಿ ತೀರ್ಪು ಹೇಳುವುದು, ಭಾನುವಾರ ಚೌಕ ಮುಚ್ಚುವುದು ಎಂದಾಯಿತು.

ಇಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಗೌಡ ದೀಪವನ್ನು ಕದ್ದು ಇಡಿಸಿರಲಿಲ್ಲ. ಅಧಿಕಾರಿ ಲಂಚ ತಿಂದಿರಲಿಲ್ಲ. ಒಬ್ಬ ದುಡಿಯುವವನು ಅವಸರದಲ್ಲಿ ಒಂದು ಗೆರೆಯನ್ನು ನೇರ ಎಳೆದಿದ್ದ, ಅಷ್ಟೇ. ಬಡವರ ಮನೆ ಬೀಳಿಸಲು ಕೆಟ್ಟವನೇ ಬೇಕು ಎಂದು ತಿಳಿದವನು ಇನ್ನೂ ಲೋಕ ನೋಡಿಲ್ಲ.

ಶನಿವಾರ ಮಧ್ಯಾಹ್ನ ಬರೆಯುವವ ದೊಡ್ಡಿಯ ದಾರಿಯಲ್ಲಿ ಬಂದ. ಕೆಲವರು ಆಗಲೇ ಗುಡಿಸಲಿನ ಹುಲ್ಲು ಇಳಿಸುತ್ತಿದ್ದರು. ಬೇರೆಯವರು ಬಂದು ಕಿತ್ತೆಸೆದರೆ ಹುಲ್ಲೂ ಹೋಗುತ್ತದೆ, ಗಳವೂ ಹೋಗುತ್ತದೆ. ತಾವೇ ಬಿಚ್ಚಿದರೆ ಇನ್ನೊಂದು ಕಡೆ ಕಟ್ಟಿಕೊಳ್ಳಬಹುದು. ಅಗೆಯುವ ಮುದುಕಿಯೂ ತನ್ನ ಗುಡಿಸಲಿನ ಹಗ್ಗ ಬಿಚ್ಚಿ ಸುರುಳಿ ಸುತ್ತುತ್ತಿದ್ದಳು. ತನ್ನನ್ನು ಏಳಿಸುವ ವಸ್ತುವನ್ನು ತಾನೇ ಅಗೆದು ಕೊಟ್ಟು ಕೂಲಿ ತೆಗೆದುಕೊಂಡವಳು ಅವಳು. ಬರೆಯುವವನನ್ನು ಕಂಡು ಅವಳು ಶಾಪ ಹಾಕಲಿಲ್ಲ. ಕೈಯ ಕೆಲಸ ಬಿಡದೆ ಹೇಳಿದಳು:

"ನಿನ್ನ ಇಲಿ ಭಾಳ ಶಾಣ್ಯಾ ಐತಿ ಬಿಡಪ್ಪ. ದೀಪ ಹಿಡಕೊಂಡು ಬಿಲ ತೋಡೈತಿ."

ಪಕ್ಕದ ಗುಡಿಸಲಿನವರು ನಕ್ಕರು. ಬರೆಯುವವನಿಗೆ ನಗು ಬರಲಿಲ್ಲ. ಅವನು ಅಲ್ಲಿಂದ ನೇರವಾಗಿ ಚೌಕಕ್ಕೆ ಹೋದ. ಯಾರೂ ಇರಲಿಲ್ಲ. ಏಣಿ ಇಳಿದು ಬದುವಿನ ಗೋಡೆಯ ಮುಂದೆ ನಿಂತ. ನಾಲ್ಕನೆಯ ಪದರಕ್ಕೆ ಹೆಬ್ಬೆರಳು ಒತ್ತಿದ. ಗಟ್ಟಿ. ಒಂದು ಗೇಣು ಪಕ್ಕಕ್ಕೆ ಸರಿದು ಒತ್ತಿದ. ಗಟ್ಟಿ. ಇನ್ನೊಂದು ಗೇಣು ಸರಿದು ಒತ್ತಿದ. ಹೆಬ್ಬೆರಳು ಬುಡದವರೆಗೆ ಒಳಗೆ ಹೋಯಿತು.

ಆಗ ಅವನಿಗೆ ಸಂಶಯ ಉಳಿಯಲಿಲ್ಲ. ಅದು ಬಿಲವಲ್ಲ, ಗುಂಡಿ. ಗುಂಡಿಯ ಅರ್ಧವನ್ನು ಅವನು ಅಗೆದು ಎಸೆದಿದ್ದ. ಉಳಿದ ಅರ್ಧ ಬದುವಿನೊಳಗೆ ಹಾಗೆಯೇ ಇತ್ತು. ತೋಡಿದ ಬೂದಿಯನ್ನೇ ತಿರುಗಿ ತುಂಬಿದ್ದರಿಂದ ಕಣ್ಣಿಗೆ ಬೇರೆ ಕಂಡಿರಲಿಲ್ಲ.

ಅವನು ಡೇರೆಗೆ ಬಂದು ಪುಸ್ತಕ ಬಿಚ್ಚಿದ. ಪುಟ ಹರಿಯೋಣ ಎಂದುಕೊಂಡ. ಪುಟಗಳಿಗೆಲ್ಲ ಮೊದಲೇ ಸಂಖ್ಯೆ ಹಾಕಿತ್ತು. ಅಳಿಸಿ ಬರೆಯೋಣ ಎಂದುಕೊಂಡ. ಅಳಿಸುವಂತಿರಲಿಲ್ಲ. ತಪ್ಪಿದ್ದರೆ ಅದರ ಮೇಲೆ ಒಂದೇ ಗೆರೆ ಎಳೆಯಬೇಕು, ಕೆಳಗಿನ ಅಕ್ಷರ ಓದಲು ಬರುವಂತಿರಬೇಕು, ಪಕ್ಕದಲ್ಲಿ ಸರಿಯಾದದ್ದು ಬರೆದು ಹೆಸರು ಹಾಕಬೇಕು. ಅಗೆತದ ಪುಸ್ತಕದ ಕಟ್ಟಳೆ ಅದು. ತಪ್ಪೂ ಕಾಣಬೇಕು, ತಿದ್ದಿದ್ದೂ ಕಾಣಬೇಕು, ತಿದ್ದಿದವನೂ ಕಾಣಬೇಕು. ಆ ಕಟ್ಟಳೆ ಮಾಡಿದವನನ್ನು ಅವನು ಮನಸಾರೆ ಬೈದ.

ಅವನಿಗೆ ಭಯವಿದ್ದದ್ದು ಗೌಡನದಲ್ಲ. ಆ ಮೂವರದು. ಪದವಿ ಇದ್ದವನು ತಪ್ಪು ಮಾಡಿದರೆ ಕೈತಪ್ಪು ಎನ್ನುತ್ತಾರೆ. ಓದದವನು ತಪ್ಪು ಮಾಡಿದರೆ ಜಾತಿ ತೆಗೆಯುತ್ತಾರೆ, ಹುಟ್ಟು ತೆಗೆಯುತ್ತಾರೆ, ಮಣ್ಣು ಹೊರುವವನ ಕೈಗೆ ಪೆನ್ನು ಕೊಟ್ಟರೆ ಇನ್ನೇನಾಗುತ್ತದೆ ಎನ್ನುತ್ತಾರೆ. ಇವನೊಬ್ಬನನ್ನಲ್ಲ, ಇವನ ಹಿಂದೆ ಬರಬೇಕಾದವರನ್ನೆಲ್ಲ ಬಾಗಿಲಲ್ಲೇ ನಿಲ್ಲಿಸುತ್ತಾರೆ. ಈ ಅನ್ಯಾಯ ನಿಜವಾದದ್ದು. ಆದರೆ ಅದೇ ನಿಜವನ್ನು ಹೊದ್ದುಕೊಂಡು ಅವನು ಮಲಗಲು ನೋಡಿದ. ನಿದ್ದೆ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಚೌಕ ಮುಚ್ಚುವ ಕೆಲಸ ಶುರುವಾಯಿತು. ಕೂಲಿಯವರು ಸಾಲಾಗಿ ನಿಂತು ಬುಟ್ಟಿಯಿಂದ ಬುಟ್ಟಿಗೆ ಮಣ್ಣು ಸಾಗಿಸಿ ಸುರಿಯುತ್ತಿದ್ದರು. ಗೌಡ ನೋಡಲು ಬಂದಿದ್ದ. ಹಿರಿಯರಲ್ಲಿ ಇಬ್ಬರು ಬಂದಿದ್ದರು. ಚೌಕದ ತಳ ಮೊಣಕಾಲಿನವರೆಗೆ ತುಂಬಿತ್ತು. ಹೀಗೇ ಬಿಟ್ಟರೆ ಮಧ್ಯಾಹ್ನದೊಳಗೆ ಗೋಡೆ ಮುಚ್ಚಿಹೋಗುತ್ತಿತ್ತು. ಆಮೇಲೆ ಬರೆಯುವವನ ಚಿತ್ರವೊಂದೇ ಸತ್ಯ.

ಅವನು ಡೇರೆಯ ಬಾಗಿಲಲ್ಲಿ ನಿಂತು ಬುಟ್ಟಿಗಳನ್ನು ಎಣಿಸುತ್ತಿದ್ದ. ಇನ್ನೊಂದು ಬುಟ್ಟಿ ಬೀಳಲಿ, ಹೋಗುತ್ತೇನೆ ಎಂದುಕೊಂಡ. ಅದು ಬಿತ್ತು. ಇನ್ನೊಂದು ಬೀಳಲಿ ಎಂದುಕೊಂಡ. ಅದೂ ಬಿತ್ತು. ಸಾಲಿನ ಕೊನೆಯಲ್ಲಿ ನಿಂತು ಮಣ್ಣು ಸುರಿಯುತ್ತಿದ್ದವಳು ಆ ಮುದುಕಿ. ಅವಳು ಬುಟ್ಟಿ ಬೋರಲು ಹಾಕಿ, ತಳ ತಟ್ಟಿ, ಅವನ ಕಡೆಗೊಮ್ಮೆ ನೋಡಿದಳು. ಅವನು ಪುಸ್ತಕವನ್ನು ಕಂಕುಳಲ್ಲಿ ಇರುಕಿಕೊಂಡು ಓಡಿಹೋಗಿ ಚೌಕದೊಳಕ್ಕೆ ಇಳಿದ. ಬದುವಿಗೆ ಬೆನ್ನು ಕೊಟ್ಟು ನಿಂತ.

ಅಧಿಕಾರಿ ಮೇಲೆ ಬಾ ಎಂದ. ಅವನು ಬರಲಿಲ್ಲ.

"ಸರ್, ನನ್ನ ಚಿತ್ರ ತಪ್ಪು. ಇಲ್ಲಿ ಗುಂಡಿ ಇದೆ. ಈ ಅಮ್ಮ ಹೇಳಿದ್ದಳು, ನಾನು ಕೇಳಲಿಲ್ಲ. ದೀಪ ಐದನೆಯ ಪದರದ್ದಲ್ಲ, ಗುಂಡಿಯದು."

ಆ ಮೂವರಲ್ಲಿ ಒಬ್ಬ ಕೆಮ್ಮಿದ. ಗೌಡ ಜೋರಾಗಿ, ದೊಡ್ಡಿಯವರು ಇವನಿಗೆ ಎಷ್ಟು ಸೇರು ತುಪ್ಪ ಕೊಟ್ಟರು ಎಂದು ಕೇಳಿದ. ಜನ ನಕ್ಕರು. ಅಧಿಕಾರಿ ನಗಲಿಲ್ಲ. ಏಣಿ ಇಳಿದು ಬಂದು, ಮಣ್ಣು ಬೀಳುವ ಮೊದಲೇ ಏಕೆ ಹೇಳಲಿಲ್ಲ ಎಂದು ಕೇಳಿದ. ಹೆದರಿದೆ ಎಂದು ಬರೆಯುವವ ಹೇಳಿದ. ಅಧಿಕಾರಿ ಕರಣೆಗೆ ಕೈ ಚಾಚಿದ.

ಅವರು ಬದುವಿನ ಗೋಡೆಯನ್ನು ಮೇಲಿನಿಂದ ಕೆಳಕ್ಕೆ ತೆಳ್ಳಗೆ ಕೆರೆದರು. ಬಿದ್ದ ಮಣ್ಣನ್ನು ತೆಗೆದು ತಳದವರೆಗೂ ಗೋಡೆ ಬಿಡಿಸಿದರು. ಏನೂ ಕಾಣಲಿಲ್ಲ. ಬಿಳಿ ಬೂದಿ ಬಿಳಿಯಾಗಿಯೇ ಇತ್ತು, ಕಂದು ಕಂದಾಗಿಯೇ ಇತ್ತು. ನೀರು ಸಿಂಪಡಿಸಬೇಕು ಎಂದು ಅಧಿಕಾರಿ ಹೇಳಿದ. ಸಿಂಪಡಿಸುವ ಪಂಪು ಇದ್ದದ್ದು ಗೌಡನ ತೋಟದಲ್ಲಿ, ಬೆಳೆಗೆ ಔಷಧ ಹೊಡೆಯುವುದು. ತನ್ನ ಗೆಲುವಿನಲ್ಲಿ ಗೌಡನಿಗೆ ಅಷ್ಟು ನಂಬಿಕೆಯಿತ್ತು. ತಾನೇ ಆಳು ಕಳಿಸಿ ಅದನ್ನು ತರಿಸಿಕೊಟ್ಟ.

ಗೋಡೆಗೆ ಸಣ್ಣ ಹನಿಯಾಗಿ ನೀರು ಹೊಡೆದರು. ಇಡೀ ಗೋಡೆ ಒಂದೇ ಸಮನೆ ಕಪ್ಪಾಯಿತು. ಇದ್ದ ಪದರಗಳೂ ಕಾಣದಂತಾದವು. ಮೂವರಲ್ಲಿ ಇನ್ನೊಬ್ಬ, ಚಿತ್ರ ಸರಿಯಾಗಿಯೇ ಇತ್ತಲ್ಲ ಎಂದ. ಬರೆಯುವವ ತನ್ನ ಹೆಬ್ಬೆರಳು ತನಗೆ ಸುಳ್ಳು ಹೇಳಿತೇ ಎಂದು ಅದನ್ನೇ ನೋಡಿಕೊಂಡ. ಒಣಗಲಿ ಎಂದು ಅಧಿಕಾರಿ ಹೇಳಿದ. ಎಲ್ಲರೂ ಕಾದರು. ಬಿಸಿಲು ಏರಿತು.

ಗೋಡೆ ಮೇಲಿನಿಂದ ಬೆಳ್ಳಗಾಗುತ್ತ ಬಂತು. ಹುಲ್ಲುಬೇರಿನ ಮಣ್ಣು ಒಣಗಿತು. ಕಂದು ಮಣ್ಣು ಒಣಗಿತು, ಒಂದು ಕಡೆ ಮಾತ್ರ ಒಣಗಲಿಲ್ಲ. ಸಡಿಲ ತುಂಬಿದ ಮಣ್ಣು ನೀರು ಕುಡಿದು ಹಿಡಿದುಕೊಂಡಿತ್ತು. ಬಿಳಿ ಬೂದಿ ಒಣಗಿತು, ಅಲ್ಲಿಯೂ ಅದೇ ಕಡೆ ತೇವ ನಿಂತಿತು. ಗಟ್ಟಿ ಬೂದಿಯಲ್ಲಿಯೂ ನಿಂತಿತು. ಹುಲ್ಲುಬೇರಿನ ಅಡಿಯಿಂದ ಹೊರಟು, ಬೂದಿಯನ್ನೆಲ್ಲ ಸೀಳಿಕೊಂಡು, ಎರೆಮಣ್ಣಿನವರೆಗೆ ಇಳಿದ ಗುಂಡಿಯ ಮೈ, ಗೋಡೆಗೆ ಒರಗಿಸಿದ ಗುಡಾಣದ ಹಾಗೆ ಕಪ್ಪಗೆ ಎದ್ದು ಕಂಡಿತು. ಅದನ್ನು ನೋಡಲು ಪದವಿ ಬೇಕಿರಲಿಲ್ಲ. ಬುಟ್ಟಿ ಹೊರುವವರೂ ನೋಡಿದರು, ಹಿರಿಯರೂ ನೋಡಿದರು, ಗೌಡನೂ ನೋಡಿದ.

ಬೂದಿ ಬಿದ್ದ ಎಷ್ಟೋ ಕಾಲದ ಮೇಲೆ, ಅದರ ಮೇಲೆ ಕಂದು ಮಣ್ಣೂ ಕೂತ ಮೇಲೆ, ಯಾರೋ ಮೇಲಿನಿಂದ ತೋಡಿ ದೀಪ ಹೂತಿದ್ದರು. ಬೂದಿ ಮೊದಲು. ದೀಪ ಆಮೇಲೆ.

ಅಧಿಕಾರಿ ಬದುವಿನೊಳಗಿದ್ದ ಅರ್ಧ ಗುಂಡಿಯನ್ನು ಮುದುಕಿಯ ಕೈಯಿಂದಲೇ ಬಿಡಿಸಿದ. ತಳದಲ್ಲಿ, ದೀಪ ಕುಳಿತಿದ್ದ ಜಾಗದ ಪಕ್ಕದಲ್ಲಿ, ಒಂದು ಗಾಜಿನ ಗೋಲಿ ಸಿಕ್ಕಿತು. ಮುದುಕಿ ಅದನ್ನು ಸೆರಗಿನಿಂದ ಒರೆಸಿ ಬಿಸಿಲಿಗೆ ಹಿಡಿದಳು. ಗೋಲಿಸೋಡಾದ ಬಾಟಲಿಯ ಗೋಲಿ ಅದು.

"ಗೌಡರ ಮುತ್ಯಾನ ಮುತ್ಯಾ ಬೂದಿಗಿಂತ ಮೊದಲು ಇಲ್ಲಿ ಕುಂತು ಸೋಡಾ ಕುಡದಾನ ನೋಡ್ರಿ" ಎಂದಳು.

ಮೊದಲು ಕೂಲಿಯವರು ನಕ್ಕರು, ಆಮೇಲೆ ಹಿರಿಯರು ನಕ್ಕರು. ಗೌಡ ಸ್ವಲ್ಪ ಹೊತ್ತು ಮುಖ ಬಿಗಿದುಕೊಂಡು ನಿಂತಿದ್ದ. ಆಮೇಲೆ ತಡೆಯಲಾರದೆ ಅವನೂ ನಕ್ಕ. ಕಳ್ಳರ ಭಯಕ್ಕೆ ತನ್ನ ಅಜ್ಜಿ ಒಂದು ದೀಪವನ್ನು ಎಲ್ಲೋ ಹೂತಿಟ್ಟು ಜಾಗ ಮರೆತಳೆಂದು ಮನೆಯಲ್ಲಿ ಮಾತಿತ್ತು, ಇದೇ ಇರಬೇಕು ಎಂದ. ಆ ಗೋಲಿಯನ್ನಾದರೂ ಕೊಡಿ ಎಂದು ಕೇಳಿದ. ಅಧಿಕಾರಿ ಕೊಡಲಿಲ್ಲ. ಅದಕ್ಕೂ ಚೀಟಿ ಬರೆದು ಚೀಲಕ್ಕೆ ಕಟ್ಟಬೇಕು ಎಂದ. ಬರೆಯುವವ ಚೀಟಿ ಬರೆದ. ಈ ಸಲ ಪದರದ ಸಂಖ್ಯೆ ಹಾಕಲಿಲ್ಲ, ಗುಂಡಿ ಎಂದು ಬರೆದ.

ಆಮೇಲೆ ಎಲ್ಲರ ಎದುರಿಗೆ ಪುಸ್ತಕ ಬಿಚ್ಚಿದ. ಅಂದದ ಚಿತ್ರದ ಮೇಲೆ ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದ. ಗುಂಡಿ ಗುರುತಿಸದೆ ಅಗೆಸಿದವನು ನಾನು ಎಂದು ಪಕ್ಕದಲ್ಲಿ ಬರೆದು ಹೆಸರು ಹಾಕಿದ. ಅಧಿಕಾರಿ ಅವನ ಕೈಯಿಂದ ಪೆನ್ನು ತೆಗೆದುಕೊಂಡ. ನೋಡದೆ ಒಪ್ಪಿದವನು ನಾನು ಎಂದು ಅದರ ಕೆಳಗೆ ಬರೆದು ತಾನೂ ಹೆಸರು ಹಾಕಿದ.

ಸೋಮವಾರ ಹಿರಿಯರು ಕೂಡಿದರು. ಅವರಲ್ಲಿ ಒಬ್ಬ ಪುಸ್ತಕ ನೋಡಿ, ಇದರಲ್ಲಿ ಒಂದು ಪುಟ ತಪ್ಪಾಗಿದೆ, ಉಳಿದ ಪುಟಗಳನ್ನು ಹೇಗೆ ನಂಬುವುದು ಎಂದು ಕೇಳಿದ. ಫಕೀರಪ್ಪ, ನೀನು ಕೇಳಿದ್ದೂ ಅದನ್ನೇ. ಅಧಿಕಾರಿ ಉತ್ತರ ಹೇಳಿದ. ಆ ಪುಟ ಇದೆ, ಅದಕ್ಕೇ ಉಳಿದದ್ದನ್ನು ನಂಬುತ್ತೇನೆ, ಗೆರೆ ಬೀಳದ ಪುಸ್ತಕ ತಂದರೆ ನಾನು ಮುಟ್ಟುವುದೂ ಇಲ್ಲ ಎಂದ. ಹಿರಿಯರು ತೀರ್ಪು ಹೇಳಿದರು. ದೊಡ್ಡಿ ಇದ್ದಲ್ಲಿಯೇ ಉಳಿಯಿತು.

ಇಳಿಸಿದ ಹುಲ್ಲು ಸಂಜೆಯೊಳಗೆ ಮತ್ತೆ ಗುಡಿಸಲು ಏರಿತು. ಬರೆಯುವವ ಎರಡು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ಮುದುಕಿ ಅವನನ್ನು ಕೂರಿಸಿ ಜೋಳದ ರೊಟ್ಟಿ, ಕೆನೆಮೊಸರು ಕೊಟ್ಟಳು. ಉಣ್ಣು ಇಲಿಯಪ್ಪ ಎಂದಳು. ದೊಡ್ಡಿಯ ಮಕ್ಕಳು ಅದನ್ನೇ ಹಿಡಿದುಕೊಂಡವು. ಅವನು ಆ ಊರಲ್ಲಿ ಇರುವವರೆಗೂ ಅವನಿಗೆ ಅದೇ ಹೆಸರು. ಕರೆದಾಗಲೆಲ್ಲ ಅವನು ಓ ಎನ್ನುತ್ತಿದ್ದ. ಆ ಮೂವರೂ ಅಂದಿನಿಂದ ಅಳೆಯುವಾಗ ಎರಡು ಅಳತೆಯ ನಡುವಿನ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಲು ಕಲಿತರು. ಯಾರಿಂದ ಕಲಿತೆವು ಎಂದು ಅವರು ಹೇಳಲಿಲ್ಲ. ಹೇಳದಿದ್ದರೂ ನಡೆಯುತ್ತದೆ.

ಗುರುಗಳು ಕತೆ ನಿಲ್ಲಿಸಿದರು.

ಫಕೀರಪ್ಪನ ಎದೆ ಹಗುರಾಗಿತ್ತು. ಅವನು ನಗುತ್ತಲೇ ಇದ್ದ. ಆಮೇಲೆ ನಗು ನಿಂತಿತು. ಆ ಬರೆಯುವವನಿಗೆ ಬದು ಎಂಬುದೊಂದು ಇತ್ತು ಗುರುಗಳೇ, ಕೆರೆದು ತೋರಿಸಿದ, ನನಗೆ ಅಂಥದ್ದೇನಿದೆ ಎಂದ. ಗುರುಗಳು ಅವನನ್ನು ಮೂರು ಮಾತು ಕೇಳಿದರು. ಹುಲಿಗೆವ್ವ ಈಗ ಎಲ್ಲಿದ್ದಾಳೆ ಎಂದು ಕೇಳಿದರು. ಮನೆಯಲ್ಲಿ ಕುಳಿತು ಓದುತ್ತಿದ್ದಾಳೆ ಎಂದ. ಅವಳ ಹಾಜರಿ ಎಲ್ಲಿಯವರೆಗೆ ಇದೆ ಎಂದು ಕೇಳಿದರು. ಹೊರಗೆ ಹಾಕಿದ ಹಿಂದಿನ ದಿನದವರೆಗೂ ಇದೆ ಎಂದ. ತಾನಾಗಿ ಬಿಡುವವರು ಅರ್ಜಿ ಕೊಡಬೇಕಲ್ಲ, ಅದು ಎಲ್ಲಿದೆ ಎಂದು ಕೇಳಿದರು. ಅರ್ಜಿ ಇಲ್ಲ ಎಂದ.

ಗುರುಗಳು ಹೇಳಿದರು: "ಶನಿವಾರದವರೆಗೆ ಬದು ನಿಂತಿದೆ, ನೀನೇಕೆ ಇನ್ನೂ ಕುಳಿತಿದ್ದೀ?"

ಫಕೀರಪ್ಪ ಚಾಪೆಯಿಂದ ಎದ್ದ.

ಓದುತ್ತಿರುವವರೇ, ನೀವೂ ಎಲ್ಲೋ ಒಂದು ಗೆರೆಯನ್ನು ನೇರ ಎಳೆದಿದ್ದೀರಿ, ಎಲ್ಲಿ ಎಂಬುದು ನಿಮಗೆ ಗೊತ್ತು. ಬುಟ್ಟಿ ಎಣಿಸಬೇಡಿ. ಎದ್ದು ಹೋಗಿ, ಇವತ್ತೇ ತಿದ್ದಿ, ಪಕ್ಕದಲ್ಲಿ ನಿಮ್ಮ ಹೆಸರು ಹಾಕಿ.